ನುಣುಪಾದ ನೂಲು

ಪೇಢೆಯ ಮೇಲೆ ನೊಣ ಕೂತಿದೆ, ಕೂತು ಮುಂಗೈ ಉಜ್ಜಿಕೊಳ್ಳುತ್ತಿದೆ, ಊಟಕ್ಕೆ ಮುಂಚೆ ಕೈ ತೊಳೆಯುವ ಹಾಸ್ಟೆಲ್ ಹುಡುಗನ ಹಾಗೆ, ಓಡಿಸಬೇಕು, ಓಡಿಸಲು ಕೈ ಎತ್ತಬೇಕು, ಎತ್ತಿದರೆ ಹೆಗಲ ಮೇಲಿನ ಶಾಲುಗಳು ಜಾರುತ್ತವೆ, ಜಾರಿದರೆ ಯಾರೋ ಓಡಿ ಬಂದು ಮತ್ತೆ ಹೊದಿಸುತ್ತಾರೆ, ಮತ್ತೆ ಫೋಟೋ, ಮತ್ತೆ ಚಪ್ಪಾಳೆ — ಇರಲಿ ಬಿಡು, ತಿನ್ನಲಿ ಪಾಪ. ಎಂಬತ್ತು ತುಂಬಿದ್ದು ನನಗೆ, ದಣಿದಿರುವವನೂ ನಾನೇ, ಉತ್ಸಾಹವೆಲ್ಲ ಪೆಂಡಾಲಿನಲ್ಲಿ ಕೂತವರಿಗೆ. ಮೈಕಿನ ಮುಂದೆ ಭಾವನಗರದ ಪ್ರಿನ್ಸಿಪಾಲರು, ತುಲಜಾಶಂಕರ ವಛರಾಜಾನಿಯವರು ಗುಜರಾತಿ ಪ್ರಬಂಧಕ್ಕೆ ಮಣ್ಣಿನ ವಾಸನೆ ತಂದವರು, ಶೇತ್ರುಂಜಿ ನದಿಯ ಪ್ರವಾಹದ ಬಗ್ಗೆ ಅವರು ಬರೆದದ್ದನ್ನು ಓದಿ ನಾನು ಅತ್ತಿದ್ದೇನೆ — ಪ್ರವಾಹ ನಾನು ಬರೆದದ್ದಲ್ಲ ಮಹಾರಾಯ, ಅದು ಬೇರೆ ಯಾರೋ, ಆದರೆ ಚೆನ್ನಾಗಿತ್ತು, ನಾನೂ ಅತ್ತಿದ್ದೆ. ನಾನು ಬರೆದದ್ದು ಧೂಳು, ಬೇವು, ಎಮ್ಮೆಯ ಮೇಲೆ ಕೂತು ಬರುವ ಬೆಳ್ಳಕ್ಕಿ, ಅಂಗಳ ಗುಡಿಸುವಾಗ ಮಕ್ಕಳು ಆಡುವ ಮಾತು, ಬೆಳಗಿನ ಪ್ರಾರ್ಥನೆ ಮುಗಿದು ಬೇವಿಗೆ ನೇತುಹಾಕಿದ ರೈಲು ಕಂಬಿಯನ್ನು ಯಾರಾದರೂ ಶಾಲೆಯ ಗಂಟೆಗೆ ಬಡಿಯುವುದರೊಳಗೆ ಎಷ್ಟಾಗುತ್ತದೋ ಅಷ್ಟು, ಅದಕ್ಕೇ ಎಲ್ಲ ಚಿಕ್ಕಚಿಕ್ಕವು, ವಿಮರ್ಶಕರು ಅದನ್ನು ಸಂಯಮ ಎಂದರು. ಕತ್ತು ತುರಿಸುತ್ತಿದೆ. ಹಾರ. ನಮ್ಮ ಶಾಲೆಯಲ್ಲಿ ಹೂವಿನ ಹಾರವಿಲ್ಲ, ಬಂದವರ ಕೊರಳಿಗೆ ಮಕ್ಕಳು ತಾವೇ ನೂತ ನೂಲಿನ ಲಡಿ ಹಾಕಬೇಕು, ಶಾಲೆ ಶುರುವಾದಾಗಿನಿಂದ ಹಾಗೇ, ಮಂತ್ರಿ ಬಂದರೂ ಹಾಲು ಮಾರುವವನು ಬಂದರೂ ಅದೇ ಲಡಿ. ಬೆರಳು ತಾನಾಗಿ ಒಂದು ಎಳೆ ಹಿಡಿಯಿತು, ಜಾರಿತು, ಜಾರುತ್ತಲೇ ಹೋಯಿತು — ನುಣುಪು, ಎಣ್ಣೆ ಸವರಿದಂಥ ನುಣುಪು, ಎಲ್ಲೂ ತಡೆಯಲಿಲ್ಲ. ಹಾಕಿದ ಹುಡುಗಿಯನ್ನು ಕೇಳಿದೆನಲ್ಲ, ನೀನೇ ನೂತಿದ್ದಾ ಬೇಟಾ, ಅವಳು ಟೀಚರ ಮುಖ ನೋಡಿದಳು, ಗೊತ್ತಿಲ್ಲ ಸರ್, ಆಫೀಸಲ್ಲಿ ಕೊಟ್ರು. ಸರ್! ಇಲ್ಲಿ ಯಾರೂ ಯಾರಿಗೂ ಸರ್ ಆಗಿರಲಿಲ್ಲ, ನಾನು ತುಲಜಾಭಾಯಿ, ನನ್ನ ಹೆಂಡತಿ ರಂಭಾಬೆನ್, ರೊಟ್ಟಿ ಬಡಿಯುವ ಜೀವಾಭಾಯಿಯೂ ಭಾಯಿಯೇ, ಈಗ ಎಲ್ಲರೂ ಸರ್, ನಾನೂ ಸರ್, ನನಗೆ ಸಿಟ್ಟು ಕೂಡ ಬರಲಿಲ್ಲ, ಸಿಟ್ಟು ಬರಲು ಮೈಯಲ್ಲಿ ಒಂದಿಷ್ಟು ಬೆಚ್ಚಗೆ ಉಳಿದಿರಬೇಕು.

ರಂಭಾ ಇದ್ದಿದ್ದರೆ ಎರಡು ಬೆರಳಲ್ಲಿ ಹಿಡಿದು ಹೇಳಿಬಿಡುತ್ತಿದ್ದಳು, ಕೇಳಿದ್ರಾ, ಇದು ಗಿರಣೀದು, ಮಕ್ಕಳು ಮುಟ್ಟೇ ಇಲ್ಲ. ಉದ್ದನೆಯ ನೂಲಿನ ಮನೆ, ಹೆಂಚಿನ ಸಂದಿಯಿಂದ ಬಿಸಿಲಿನ ಕೋಲು, ಸಾಲಾಗಿ ಚರಕಗಳು, ಕದಿರಿನ ಗುಂಯ್ ಸದ್ದು, ನಡುವೆ ಅವಳು ಸೆರಗು ಸಿಕ್ಕಿಸಿಕೊಂಡು ಓಡಾಡುತ್ತಾಳೆ, ಹಂಜಿ ಹಿಂಡಬೇಡ್ವೋ, ಅದೇನು ಎಮ್ಮೆ ಕೆಚ್ಚಲಾ, ಮೆತ್ತಗೆ ಹಿಡಿ. ಅವಳದು ಒಂದೇ ಕಟ್ಟಳೆ, ಕಡಿದ ನೂಲನ್ನು ಯಾರೂ ಎಸೆಯಬಾರದು, ಬಚ್ಚಿಡಬಾರದು, ಲಡಿ ಸುತ್ತುವಾಗ ತುದಿಗೆ ತುದಿ ಸೇರಿಸಿ ಗಂಟು ಹಾಕಿ ಮುಂದಕ್ಕೆ ಹೋಗಬೇಕು. ಇನ್ಸ್‌ಪೆಕ್ಟರು ಶಾಲೆ ನೋಡಲು ಬಂದಾಗ ಲಡಿಯ ಮೇಲೆ ಬೆರಳಾಡಿಸಿ, ಏನ್ರೀ ಬೆನ್, ಬರೀ ಗಂಟೇ ಇದ್ಯಲ್ಲ ಎಂದಿದ್ದರು, ಅವಳು, ಹೌದು ಸಾಹೇಬ್ರೇ, ಮಕ್ಕಳು ನೂತಿದ್ದು ಅಂತ ಗೊತ್ತಾಗ್ಲಿ ಅಂತ ಬಿಟ್ಟಿದೀನಿ. ನಾನು ಆ ಮಾತನ್ನು ಎತ್ತಿ ಒಂದು ಪ್ರಬಂಧ ಮಾಡಿಕೊಂಡೆ, ಅದಕ್ಕೆ ಬಹುಮಾನ ಬಂತು, ಅವಳು ನಕ್ಕಳು, ಗಂಟು ಮಕ್ಕಳದು, ಮಾತು ನಂದು, ಶಾಲು ನಿಮಗಾ, ಎಂದು ಶಾಲನ್ನು ಚಳಿ ಹಿಡಿದ ಕರುವಿಗೆ ಹೊದಿಸಿಬಿಟ್ಟಳು. ಈ ಶಾಲುಗಳಿಗೂ ಕರು ಬೇಕಿತ್ತು. ವಶರಾಮ ಅಳುತ್ತಿದ್ದದ್ದು ಆ ನೂಲಿನ ಮನೆಯ ಮೂಲೆಯಲ್ಲೇ, ಪಟೇಲರ ಹುಡುಗ, ಹೊಲ ಅಗೆಯಲು ಹೇಳಿದರೆ ಎತ್ತಿನ ಹಾಗೆ ಅಗೆಯುತ್ತಿದ್ದ, ನೂಲು ಮಾತ್ರ ಅವನ ಕೈಗೆ ಬಂದರೆ ಪಟಕ್ಕನೆ ಕಡಿಯುತ್ತಿತ್ತು, ಅಂಗೈ ಬೆವರು, ಗಂಟು ಹಾಕಿದರೆ ಜಾರುತ್ತಿತ್ತು, ಹೆಬ್ಬೆರಳನ್ನು ನಾಲಗೆಗೆ ಒತ್ತಿ ಒದ್ದೆ ಮಾಡಿಕೊಂಡು ಒಂದರ ಮೇಲೊಂದು ಮೂರು ಸುತ್ತು ಬಿಗಿಯುತ್ತಿದ್ದ, ರಂಭಾ ಅದನ್ನು ಎಲ್ಲರಿಗೂ ಎತ್ತಿ ತೋರಿಸುತ್ತಿದ್ದಳು, ನೋಡ್ರೋ, ವಶರಾಮ ಸಜ್ಜೆಕಾಳು ಬೆಳೆದಿದಾನೆ, ಹುಡುಗರು ನಗುತ್ತಿದ್ದರು, ಅವನು ಕಡಿದ ಎಳೆಯ ತುದಿಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನ ಕಡೆ ನೋಡುತ್ತಿದ್ದ. ಈಗ ಅವನು ಸೂರತಿನಲ್ಲಿ ವಜ್ರ ಕೆತ್ತಿಸುತ್ತಾನೆ, ಶಾಲೆಯ ಟ್ರಸ್ಟಿಗೆ ಅವನೇ ಅಧ್ಯಕ್ಷ, ಪಕ್ಕದ ಕುರ್ಚಿಯಲ್ಲೇ ಕೂತಿದ್ದಾನೆ, ಬಿಳಿ ಬೂಟು.

ನಿನ್ನೆ ಸಂಜೆ ಮನೆಗೆ ಬಂದ, ತೂಗುಮಂಚದಲ್ಲಿ ನನ್ನ ಪಕ್ಕ ಕೂರಲಿಲ್ಲ, ಕೆಳಗೆ ಕೂತ, ಮಜ್ಜಿಗೆ ಕೊಟ್ಟರೆ ಲೋಟ ಎತ್ತಿ ಗಟಗಟ ಕುಡಿದ, ಥೇಟ್ ಮೊದಲಿನ ಹಾಗೆ, ಮೀಸೆಗೆ ಮಜ್ಜಿಗೆ. ಈಗ ನಾನು ಅವನಿಗೆ ದಾದಾ, ಅಜ್ಜ. ದಾದಾ, ಮಕ್ಕಳೇ ಬರ್ತಿಲ್ಲ, ನೀವೇ ನೋಡಿದೀರಿ, ಅರ್ಧ ಹಾಸ್ಟೆಲ್ ಖಾಲಿ, ಊರಿನ ಜೀಪು ಗಂಟಲಿನ ತನಕ ಮಕ್ಕಳು ತುಂಬ್ಕೊಂಡು ಗಢಡಾದ ಇಂಗ್ಲಿಷ್ ಸ್ಕೂಲಿಗೆ ಹೋಗುತ್ತೆ. ನಾವೂ ಇಂಗ್ಲಿಷ್ ಮೀಡಿಯಂ ಮಾಡೋಣ, ನೂಲಿನ ಮನೆ ಕೆಡವಿ ಅಲ್ಲೇ ಮೂರು ಮಾಳಿಗೆ ಕಟ್ಟಿಸ್ತೀನಿ, ನಿಮ್ಮ ಹೆಸರೇ ಇಡ್ತೀನಿ, ಒಂದು ಮಾತು ಅಂದ್ಬಿಡಿ ದಾದಾ, ನಾಳೆ ಎಲ್ಲರ ಮುಂದೆ, ಆಗ್ಲಿ ಅಂತ, ನೀವು ಬೇಡ ಅಂದ್ರೆ ಒಂದು ಹೆಂಚೂ ಮುಟ್ಟಲ್ಲ, ರಂಭಾಬಾ ಆಣೆ. ಬೆನ್ ಅನ್ನಲಿಲ್ಲ, ರಂಭಾಬಾ ಎಂದ, ನಮ್ಮ ಕಡೆ ತಾಯಿಗೆ ಬಾ ಅನ್ನುವ ಹಾಗೆ. ನಾನು ಏನೂ ಹೇಳಲಿಲ್ಲ, ತೂಗುಮಂಚದ ಸರಪಳಿ ಕಿರ್ ಎಂದಿತು, ನಮ್ಮ ಕಾಠಿಯಾವಾಡದಲ್ಲಿ ಹಿರಿಯರು ಸುಮ್ಮನಿದ್ದರೆ ಒಪ್ಪಿದರು ಅಂತಲೇ ಲೆಕ್ಕ, ಅವನು ಕಾಲಿಗೆ ಬಿದ್ದು ಹೋದ. ಅವನು ಒಂದು ಮಾತು ಕೇಳಬಹುದಿತ್ತು, ನಿಮ್ಮ ಮಗಳ ಮಕ್ಕಳು ವಡೋದರಾದಲ್ಲಿ ಯಾವ ಮೀಡಿಯಂನಲ್ಲಿ ಓದ್ತಾರೆ ದಾದಾ, ಕೇಳಲಿಲ್ಲ, ಮರ್ಯಾದೆ ಉಳಿಸಿದ, ಆ ಮರ್ಯಾದೆಯನ್ನು ಇಲ್ಲೇ ಕಲಿತನಲ್ಲ, ಅದೇ ನನಗೆ ಸಂಕಟ. ಆಗಲಿ ಅನ್ನುವುದಕ್ಕೆ ಎಷ್ಟು ಹೊತ್ತು, ಅಂದು ಮನೆಗೆ ಹೋಗಿ ಮಲಗಬಹುದು, ಶಾಲೆ ಉಳಿಯುತ್ತದೆ, ಶಾಲೆಯಂಥ ಏನೋ ಒಂದು ಉಳಿಯುತ್ತದೆ, ಬೋರ್ಡಿನ ಮೇಲೆ ನನ್ನ ಹೆಸರು, ಒಳಗೆ ಎಲ್ಲ ಸರ್.

ಪ್ರಿನ್ಸಿಪಾಲರು ಇಳಿದರು, ವಶರಾಮ ಎದ್ದ, ಇನ್ನು ಅವನ ಮಾತು, ಆಮೇಲೆ ನಾನು. ಹಾಗಾದರೆ ಒಂದು ಕೆಲಸ ಮಾಡೋಣ, ತುಲಜಾಶಂಕರ, ನಿನಗೆ ತೀರ್ಮಾನಿಸುವ ಶಕ್ತಿ ಇಲ್ಲ, ನೂಲೇ ತೀರ್ಮಾನಿಸಲಿ. ಈ ಹಾರದಲ್ಲಿ ಒಂದೇ ಒಂದು ಗಂಟು ಸಿಗಲಿ, ಇಲ್ಲಿಯ ಯಾವುದಾದರೂ ಕೈ ಹಾಕಿದ ಒಂದು ಗಂಟು, ಸಿಕ್ಕಿದರೆ ಬೇಡ ಅನ್ನುತ್ತೇನೆ, ಆ ಒಂದು ಕೈಗಾಗಿ ನೂಲಿನ ಮನೆ ಇರಲಿ ಅನ್ನುತ್ತೇನೆ, ಸಿಗದಿದ್ದರೆ ಆಗಲಿ, ಯಾರಿಗಾಗಿ ಉಳಿಸಬೇಕು. ಎಂಬತ್ತರ ಮುದುಕ ವೇದಿಕೆಯ ಮೇಲೆ ಕೊರಳ ಹಾರ ಎಣಿಸುತ್ತಿದ್ದಾನೆ, ಜನ ಜಪ ಅಂದುಕೊಳ್ಳಲಿ. ಎದೆಯ ಮೇಲಿನ ಎಳೆ, ನುಣುಪು, ಇನ್ನೊಂದು, ನುಣುಪು, ವಶರಾಮ ಮೈಕಿನಲ್ಲಿ, ನಾನು ನೂಲೋದ್ರಲ್ಲಿ ದಡ್ಡ ಆಗಿದ್ದೆ, ಎಲ್ಲರೂ ನಗುತ್ತಾರೆ, ಎಡಗಡೆಯ ಎಳೆಗಳು, ಹೆಗಲಿನತ್ತ, ಶಾಲಿನ ಕೆಳಗೆ ಬೆರಳು ತೂರಿಸಬೇಕು, ನುಣುಪು, ಬೆಳಿಗ್ಗೆ ಆಫೀಸಿನ ಮುಂದೆ ಹಾದು ಬಂದಾಗ ಬಾಗಿಲು ಅರ್ಧ ಮುಚ್ಚಿತ್ತು, ಒಳಗೆ ವಶರಾಮ ಒಬ್ಬನೇ ಬಗ್ಗಿ ಕೂತಿದ್ದ, ಬಾಯಲ್ಲಿ ಹೆಬ್ಬೆರಳು, ನನ್ನನ್ನು ಕಂಡು ತಟ್ಟನೆ ಏನನ್ನೋ ಬೆನ್ನ ಹಿಂದೆ ಇಟ್ಟ, ನೀವು ನಡೀರಿ ದಾದಾ, ಒಂದ್ ಚೂರು ಕೆಲ್ಸ ಇದೆ, ಬಂದೆ — ಬಲಗಡೆಯ ಎಳೆಗಳೂ ಮುಗಿದವು, ಎಲ್ಲೂ ಇಲ್ಲ ರಂಭಾ, ಒಂದೂ ಇಲ್ಲ, ಸರಿ, ಆಗಲಿ, ನಾಲಗೆಯ ಮೇಲೆ ತಂದುಕೊಂಡೆ, ಆಗಲಿ. ಈಗ ನಮ್ಮೆಲ್ಲರ ದಾದಾ ಎರಡು ಮಾತು ಆಡ್ತಾರೆ, ಅವನೇ ಬಂದು ತೋಳು ಹಿಡಿದು ಎಬ್ಬಿಸಿದ, ಶಾಲುಗಳು ಜಾರಿದವು, ನೊಣ ಎದ್ದಿತು, ಹಾರ ಹಿಂದಕ್ಕೆ ಸರಿದು ಹೆಡಕಿಗೆ ಏನೋ ಚುಚ್ಚಿತು, ಅಲ್ಲೊಂದು ಉಳಿದಿತ್ತು, ಲಡಿಯ ಎರಡು ತುದಿ ಸೇರಿಸಿ ಹಾರ ಮಾಡಿದ ಜಾಗ, ಬೆರಳು ಅಲ್ಲಿಗೆ ಹೋಯಿತು. ಗಂಟು. ದಪ್ಪ, ಒರಟು, ಒಂದರ ಮೇಲೊಂದು ಮೂರು ಸುತ್ತು. ಇಡೀ ಶಾಲೆಯಲ್ಲಿ ಹೀಗೆ ಗಂಟು ಹಾಕುತ್ತಿದ್ದವನು ಒಬ್ಬನೇ. ನೂಲು ಅಂಗಡಿಯದು, ಗಂಟು ಅವನದು, ಯಾರ ಕೈಗೂ ಕೊಡದೆ, ಬಾಗಿಲು ಮುಚ್ಚಿಕೊಂಡು, ಸೂರತಿನ ಅಷ್ಟು ದೊಡ್ಡ ಸೇಟು, ಬೆರಳು ಒದ್ದೆ ಮಾಡಿಕೊಂಡು — ಸಿಕ್ಕಿತು ರಂಭಾ, ಸಿಕ್ಕಿದರೆ ಬೇಡ ಅನ್ನುತ್ತೇನೆ ಅಂದಿದ್ದೆ, ಯಾರಿಗೆ ಅನ್ನಲಿ, ಇದನ್ನು ಹಾಕಿದವನಿಗೇ ಅನ್ನಬೇಕು, ಅವನು ಮೈಕಿನ ಆಚೆ ನಿಂತು ನನ್ನ ಬಾಯಿ ನೋಡುತ್ತಿದ್ದಾನೆ, ಎರಡೂ ಕೈಯಲ್ಲಿ ಕಡಿದ ಎಳೆ ಹಿಡಿದ ಅದೇ ಮುಖ, ನಾನು ಇನ್ನೂ ಏನೂ ಹೇಳಿಲ್ಲ, ಹೇಳದಿದ್ದರೆ ಒಪ್ಪಿದೆ ಅಂತ ಲೆಕ್ಕ, ಹೇಳಬೇಕು, ಹೆಬ್ಬೆರಳು ಗಂಟಿನ ಮೇಲಿದೆ, ಮುಂದಕ್ಕೆ ಹೋಗುತ್ತಿಲ್ಲ, ಮೂರು ಸುತ್ತು, ಹೆಡಕಿನ ಮೇಲೆ, ಬೆವರಿಗೆ ಒದ್ದೆಯಾದ, ಸಜ್ಜೆಕಾಳಿನಷ್ಟು ಗಂಟು