ಸಂತ ರೋಕ್ಕೊನ ಅರ್ಧ ಚಿತ್ರ

ಪ್ರೊಯೆತ್ತಿ ಎಂದರೆ ಹಳೆಯ ಲ್ಯಾಟಿನ್ನಿನಲ್ಲಿ ಎಸೆಯಲ್ಪಟ್ಟವರು ಎಂದು ಅರ್ಥ. ಅನಾಥಾಲಯದ ಗೋಡೆಯ ತಿರುಗುವ ತೊಟ್ಟಿಲಲ್ಲಿ ಬಿಟ್ಟುಹೋದ ಕೂಸುಗಳಿಗೆಲ್ಲ ಸನ್ಯಾಸಿನಿಯರು ಅದನ್ನೇ ಮನೆತನದ ಹೆಸರಾಗಿ ಇಡುತ್ತಿದ್ದರು. ಎಂಥ ಪುಣ್ಯಾತ್ಗಿತ್ತಿಯರೋ!

ಎರ್ಸೀಲಿಯಾ ಮದುವೆಗೆ ಮುಂಚೆ ಹೆತ್ತ ಗಂಡುಕೂಸನ್ನು ಮುಖವನ್ನೂ ತೋರಿಸದೆ ಸೂಲಗಿತ್ತಿ ಮೇನಿಕಾ ಅಲ್ಲಿಗೆ ಒಯ್ದಿದ್ದಳು. ಮುಂದೆಂದಾದರೂ ಕರೆತರುವ ಆಸೆಯಿದ್ದವರು ಒಂದು ಚಿತ್ರವನ್ನು ಎರಡು ಮಾಡಿ, ಅರ್ಧವನ್ನು ಕೂಸಿನ ಜೊತೆ ಕಳಿಸುವುದು ವಾಡಿಕೆ. ಮೇನಿಕಾ ಹಬ್ಬದಲ್ಲಿ ಎಲ್ಲರಿಗೂ ಹಂಚಿದ ಒಂದೇ ಅಚ್ಚಿನ ಸಂತ ರೋಕ್ಕೊನ ಚಿತ್ರವನ್ನು ಕತ್ತರಿಯಿಂದ ನೇರವಾಗಿ ಕತ್ತರಿಸಿದ್ದಳು. ಎರ್ಸೀಲಿಯಾ ತನ್ನ ಅರ್ಧವನ್ನು ಆರು ವರ್ಷ ರವಿಕೆಯೊಳಗೆ ಜೋಪಾನ ಮಾಡಿದಳು.

ಗಂಡ ನಜ್ಜರೇನೊ ಕೊನೆಗೂ ಒಪ್ಪಿದ. "ಹೋಗಿ ಕರ್ಕೊಂಡ್ ಬಾ. ಒಬ್ಬನ್ನ ಸಾಕಬಹುದು."

ಅನಾಥಾಲಯದಲ್ಲಿ ಸಿಸ್ಟರ್ ಕ್ರೊಚಿಫಿಸ್ಸಾ ಎರಡು ಅರ್ಧ ಚಿತ್ರಗಳನ್ನು ತಂದು ಮೇಜಿನ ಮೇಲಿಟ್ಟಳು. ಎರ್ಸೀಲಿಯಾಳ ತುಂಡಿಗೆ ಎರಡೂ ಕೂದಲೆಳೆಯಷ್ಟೂ ಸಂದಿಲ್ಲದೆ ಕೂಡಿಕೊಂಡವು.

"ಕೈಯಲ್ಲಿ ಹರೀಬೇಕಿತ್ತು ಮಗಳೇ. ಅಡ್ಡಾದಿಡ್ಡಿ ಹರಿದ್ರೆ ಒಂದಕ್ಕೇ ಕೂಡೋದು. ನಿಮ್ಮ ಸೂಲಗಿತ್ತಿಗೆ ಅಚ್ಚುಕಟ್ಟಿನ ಹುಚ್ಚು."

"ಯಾವ್ ಯಾವ್ ದಿನ ತಂದಿದ್ಲು ತಾಯಿ?"

"ನಿಂದೂ ಇನ್ಯಾರದೋ ಕೂಸೂ ಒಂದೇ ರಾತ್ರಿ, ಒಂದೇ ಬುಟ್ಟೀಲಿ. ಎರಡು ಸಲ ಯಾರು ನಡೀತಾರೆ ಅಂದ್ಕೊಂಡ್ಲೋ ಏನೋ."

ಕೇಳೋಣವೆಂದರೆ ಮೇನಿಕಾ ಸತ್ತು ಮಣ್ಣಾಗಿದ್ದಳು.

ಇಬ್ಬರು ಹುಡುಗರು ಬಂದು ನಿಂತರು. ಚಳಿಗೆ ಕಿವಿ ಮುಚ್ಚುವಂತೆ ಉಣ್ಣೆಯ ಟೊಪ್ಪಿಗೆ. ತೀತೊ ಎಂಬವನು ಓಡಿಬಂದು ಅವಳ ಲಂಗ ಹಿಡಿದುಕೊಂಡ. "ಅಮ್ಮಾ, ನಾನೇ!" ಅಗುಸ್ತೊ ಎಂಬವನು ನಿಂತಲ್ಲೇ ನಿಂತಿದ್ದ. ಲಂಗ ಹಿಡಿದ ಕೈಯನ್ನು ಬಿಡಿಸಲು ಅವಳಿಗೆ ಮನಸ್ಸು ಬರಲಿಲ್ಲ.

ಬಾಗಿಲ ಬಳಿ ಅಗುಸ್ತೊ ಕೇಳಿದ, "ನನ್ನ ನಾಳೆ ಕರ್ಕೊಂಡ್ ಹೋಗ್ತೀಯಾ?"

"ಹ್ಞೂ ಕಂದಾ."

ಹೋಗಲಿಲ್ಲ.

ಈಗ ಪ್ರೊಯೆತ್ತಿ ಎಂಬ ಆ ಹೆಸರು ಲಾರಿಗಳ ಮೇಲಿದೆ, ವಕೀಲರ ಬಾಗಿಲ ಮೇಲಿದೆ, ಯಾರೂ ಅರ್ಥ ಕೇಳುವುದಿಲ್ಲ. ಪೇಟೆಯ ತುದಿಯ ಬೇಕರಿಯ ಮೇಲೂ ದಪ್ಪಕ್ಷರದಲ್ಲಿ ಪ್ರೊಯೆತ್ತಿ ಎಂದಿದೆ. ಮುದುಕಿ ಎರ್ಸೀಲಿಯಾ ಬ್ರೆಡ್ಡಿಗೆ ಅಲ್ಲಿಗೇ ಹೋಗುತ್ತಾಳೆ. ಒಲೆಯ ಸೆಕೆಗೆ ತಲೆ ಬರಿದಾಗಿ ಬಿಟ್ಟುಕೊಂಡ ಅಗುಸ್ತೊನ ಎಡಗಿವಿಯ ತುದಿ, ಥೇಟ್ ಅವಳ ಅಪ್ಪನ ಕಿವಿಯಂತೆ, ಒಳಕ್ಕೆ ಮಡಿಚಿಕೊಂಡಿದೆ. ಆ ದಿನ ಟೊಪ್ಪಿಗೆ ತೆಗೆಸಿ ನೋಡಬೇಕೆಂದು ಈ ಹಾಳು ತಲೆಗೆ ಹೊಳೆಯಲೇ ಇಲ್ಲವಲ್ಲ!

"ಏನಜ್ಜಿ, ದಿನಾ ನನ್ನೇ ನೋಡ್ತೀರ? ಮದ್ವೆ ಆಗೋ ಯೋಚ್ನೇನಾ?"

"ಬ್ರೆಡ್ಡು ಕೊಡಪ್ಪಾ, ಹೊತ್ತಾಯ್ತು."

ಮನೆ ಬಾಗಿಲಲ್ಲಿ ತೀತೊ ಕಾದಿದ್ದ. ಚೀಲ ಇಸಿದುಕೊಂಡು, "ಈ ಮಂಡಿನೋವಲ್ಲಿ ಅಷ್ಟು ದೂರ ಯಾಕಮ್ಮಾ ಹೋಗ್ತೀಯಾ? ನಾನಿಲ್ವಾ?" ಎಂದ.

ಎರ್ಸೀಲಿಯಾ ಅವನ ಕೆನ್ನೆ ಸವರಿದಳು. ಕಿವಿಯ ಕಡೆ ನೋಡದೆ ಒಳಗೆ ಹೋದಳು.