ಮಡಿಸುವ ಮೊದಲು

ಒಂದು ನಿಮಿಷ ಕೂತು ಇದನ್ನು ಪೂರ್ತಿ ಕೇಳಿ; ಅರ್ಧಕ್ಕೇ ಎದ್ದು ಹೋದರೆ ಬಟ್ಟೆ ಹಾಳಾದದ್ದಷ್ಟೇ ನಿಮ್ಮ ತಲೆಯಲ್ಲಿ ಉಳಿಯುತ್ತದೆ.

ಅಕ್ಕನ ಹೊಲಿಗೆ ಅಂಗಡಿ. ಕತ್ತರಿಸುವ ಮೇಜಿನ ಮುಂದೆ ತಂಗಿ ನಿಂತಿದ್ದಳು, ಮನಸ್ಸು ಮಾತ್ರ ಮಾರನೆಯ ದಿನದ ಗಣಿತ ಪರೀಕ್ಷೆಯಲ್ಲಿತ್ತು. ಹಿಂದೆ ಎರಡು ಸಲ ಡುಮ್ಕಿ ಹೊಡೆದಿದ್ದಳು. ಈ ಸಲವೂ ಹೋದರೆ ನರ್ಸಿಂಗ್ ಸೀಟು ಕೈಬಿಟ್ಟ ಹಾಗೆಯೇ. ಅವಳನ್ನು ಬೀಳಿಸುತ್ತಿದ್ದದ್ದು ಸಮೀಕರಣ. ಎರಡು ಎಕ್ಸ್‌ಗೆ ಆರು ಕೂಡಿದರೆ ಇಪ್ಪತ್ತು, ಎಕ್ಸ್ ಎಷ್ಟು? ಅವಳು ಇಪ್ಪತ್ತನ್ನು ಅರ್ಧ ಮಾಡಿ, ಆರು ಕಳೆದು, ನಾಲ್ಕು ಅಂತ ಬರೆಯುತ್ತಿದ್ದಳು. ಮೇಷ್ಟ್ರು ಪ್ರತಿ ಸಲ ಅಲ್ಲೇ ಕೆಂಪು ಗೀಟು ಎಳೆಯುತ್ತಿದ್ದರು. ಏಕೆಂದು ಅವಳಿಗೆ ಸುತರಾಂ ಹೊಳೆದಿರಲಿಲ್ಲ.

ಪರದೆ ಸರಿಸಿ ಕಟ್ಟುವ ಪಟ್ಟಿಗೆ ಒಂದು ಗೇಣು ತೆಗೆದು, ಉಳಿದದ್ದರಲ್ಲಿ ಎರಡು ಸಮ ಪರದೆ ಕತ್ತರಿಸು ಎಂದು ಹೇಳಿ ಅಕ್ಕ ಚಹಾ ತರಲು ಹೋದಳು. ತಂಗಿ ಬಟ್ಟೆಯನ್ನು ಎರಡಾಗಿ ಮಡಿಸಿದಳು. ತುದಿಗೆ ತುದಿ ಸೇರಿಸಿದಳು. ಒಂದು ಗೇಣು ಅಳೆದು ಕಚಕ್ಕನೆ ಕತ್ತರಿಸಿದಳು.

ಕೈಗೆ ಬಂದ ಪಟ್ಟಿ ಒಂದಲ್ಲ, ಎರಡು.

ಸಂಜೆಗೆ ಗಿರಾಕಿ ಬರುವವಳು. ಆದರೆ ಆ ಜೋಡಿ ಪಟ್ಟಿಗಳನ್ನು ನೋಡುತ್ತಿದ್ದಂತೆ ಕೆಂಪು ಗೀಟು ಕಣ್ಣಮುಂದೆ ಬಂತು. ಮಡಿಸಿದ ಮೇಲೆ ತೆಗೆದದ್ದು ಎರಡೂ ಪದರದಿಂದ ಹೋಗಿತ್ತು! ಮೊದಲು ತೆಗೆಯಬೇಕಿತ್ತು, ಆಮೇಲೆ ಮಡಿಸಬೇಕಿತ್ತು. ಸೀಮೆಸುಣ್ಣದಲ್ಲಿ ಮೇಜಿನ ಮೇಲೇ ಬರೆದಳು. ಇಪ್ಪತ್ತರಲ್ಲಿ ಆರು ಹೋದರೆ ಹದಿನಾಲ್ಕು. ಈಗ ಮಡಿಸು: ಏಳು. ಏಳು, ಏಳು, ಆರು, ಕೂಡಿದರೆ ಇಪ್ಪತ್ತೇ. ಎರಡು ಸಲ ಕೂಡಿ ನೋಡಿದಳು, ನಗು ತಡೆಯಲಾಗಲಿಲ್ಲ.

ಅಕ್ಕ ಲೋಟ ಹಿಡಿದು ಬಾಗಿಲಲ್ಲೇ ನಿಂತಳು. "ಎರಡು ಪಟ್ಟಿ ಯಾಕೇ?"

"ತಪ್ಪು ಕತ್ತರಿಸ್ದೆ ಕಣೇ. ಆದ್ರೆ ಲೆಕ್ಕ ಅರ್ಥ ಆಗೋಯ್ತು ಅಕ್ಕಾ."

"ನಿನ್ನ ಲೆಕ್ಕಾನ ಅವರ ಕಿಟಕಿಗೆ ನೇತು ಹಾಕ್ಲಾ?"

"ಹೆಚ್ಚಿಗೆ ಬಂದ ಪಟ್ಟೀನ ಅರ್ಧ ಮಾಡಿ ಎರಡು ಪರದೆಗೂ ಅಂಚು ಕೊಡೋಣ. ಸರಿಹೋಗುತ್ತೆ, ಅಳೆದು ನೋಡು."

ಅಕ್ಕ ಟೇಪು ಹಿಡಿದು ಅಳೆದಳು. ಹೊಲಿಗೆಗೆ ಬೆರಳಗಲ ಹೋಗುತ್ತದೆ, ಅಷ್ಟೇ. ಬೈಯಲು ತೆರೆದ ಬಾಯಿಂದ ಚಹಾ ಕುಡಿದಳು. ಲೋಟ ಇಡುವಾಗ ಸೀಮೆಸುಣ್ಣದ ಏಳು ಅಳಿಸದ ಹಾಗೆ ಪಕ್ಕಕ್ಕೆ ಸರಿಸಿಟ್ಟಳು.

ಸಂಜೆ ಬಂದ ಗಿರಾಕಿ ಪರದೆ ಬಿಡಿಸಿ ಅಂಚಿನ ಮೇಲೆ ಕೈಯಾಡಿಸಿದಳು. ತಾನು ಹೇಳಿರಲೇ ಇಲ್ಲ, ಇದೆಷ್ಟು ಚೆಂದ, ಯಾರಿಗೆ ಹೊಳೆಯಿತು ಎಂದು ಕೇಳಿದಳು. ಅಕ್ಕ ತಂಗಿಯ ಮುಖ ನೋಡಿದಳು. ತಂಗಿ ಮೇಜಿನ ಮೇಲಿನ ಏಳನ್ನು ನೋಡಿದಳು.

ತಂಗಿಯ ಜಾಗದಲ್ಲಿ ನೀವಿದ್ದಿದ್ದರೆ ಏನು ಹೇಳುತ್ತಿದ್ದಿರಿ?