ಕೊನೆಯ ಹಾಡಿನ ಅಪಸ್ವರ

ಟೇಪಕ್ಕನ ಕೋಣೆಗೆ ಕಿಟಕಿ ಇಲ್ಲ. ಗೋಡೆ ತುಂಬ ದಪ್ಪ ಸ್ಪಂಜು, ಬಾಗಿಲಿನ ಅಂಚಿಗೆ ರಬ್ಬರು, ಮಧ್ಯೆ ಎರಡು ಟೇಪು ಯಂತ್ರ, ಒಂದು ಕಂಪ್ಯೂಟರು, ಎರಡು ಕುರ್ಚಿ. ಹಳೇ ಟೇಪುಗಳಲ್ಲಿ ಧೂಳು ತಿನ್ನುತ್ತ ಬಿದ್ದಿರುವ ಹಾಡುಗಳನ್ನು ಒರೆಸಿ, ಸರಿಪಡಿಸಿ, ಹೊಸಬರು ಕೇಳುವಂತೆ ಮಾಡಿಕೊಡುವುದು ಅವಳ ಕಸುಬು. ಅದರಿಂದಲೇ ಈ ಹೆಸರು ಅಂಟಿಕೊಂಡಿತು. ಸ್ವಂತ ಹೆಸರು ಈಗ ಬ್ಯಾಂಕಿನವರಿಗೆ ಮಾತ್ರ ಗೊತ್ತು. ವಯಸ್ಸು ಐವತ್ತೆಂಟಾದರೂ ಕಿವಿಗೆ ವಯಸ್ಸಾಗಿಲ್ಲ. ಪಕ್ಕದ ಮನೆಯಲ್ಲಿ ಪಾತ್ರೆ ಬಿದ್ದರೆ ಅದು ಯಾವ ಶ್ರುತಿಯಲ್ಲಿ ಬಿತ್ತು ಎಂದು ಹೇಳಬಲ್ಲಳು, ಬೀಳಿಸಿದವರು ಯಾರು ಎಂದೂ ಹೇಳಬಲ್ಲಳು.

ಆ ವಾರ ಅವಳ ಮೇಜಿನ ಮೇಲೆ ಬಂದು ಕೂತ ರಟ್ಟಿನ ಡಬ್ಬದಲ್ಲಿ ಅವಳದೇ ಹಳೆಯ ಕೆಲಸವಿತ್ತು. ಮೂವತ್ತೊಂದು ವರ್ಷದ ಹಿಂದೆ ಅವಳು ಧ್ವನಿಮುದ್ರಿಸಿದ ‘ನೆಲಮಾಳಿಗೆಯ ಸೂರ್ಯ’ ಎಂಬ ಆಲ್ಬಂ. ಹಾಡು ಕಟ್ಟಿದವನು ದಾಡಿ. ದಾಡಿ ಬೋಳಿಸಿ ಇಪ್ಪತ್ತು ವರ್ಷವಾದರೂ ಹೆಸರು ಬೋಳಿಸಿಕೊಳ್ಳಲು ಅವನಿಂದ ಆಗಿಲ್ಲ. ಹಾಡಿದವನು ಟೇಪಕ್ಕನ ಒಡಹುಟ್ಟಿದ ತಮ್ಮ. ಆಲ್ಬಂ ಮತ್ತೆ ಹೊರಬರಲಿತ್ತು, ಅದನ್ನು ಹಸನು ಮಾಡುವ ಕೆಲಸ ಬೇರೆ ಯಾರಿಗೂ ಬೇಡ, ಅವಳಿಗೇ ಇರಲಿ ಎಂದು ದಾಡಿ ಹಟ ಹಿಡಿದಿದ್ದ.

ಕೇಳದವರಿಗಾಗಿ ಎರಡು ಮಾತು ಹೇಳಿಬಿಡಬೇಕು. ಇದು ಪ್ರೊಗ್ರೆಸಿವ್ ರಾಕ್ ಎಂಬ ಬಗೆಯ ಸಂಗೀತ. ಮೂರು ನಿಮಿಷದಲ್ಲಿ ಮುಗಿಸಬಹುದಾದ ಹಾಡನ್ನು ಹದಿನೆಂಟು ನಿಮಿಷ ಎಳೆಯುವುದು ಎಂದು ಟೇಪಕ್ಕನ ಅಮ್ಮ ಅದನ್ನು ವಿವರಿಸುತ್ತಿದ್ದಳು. ಅಮ್ಮನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ತಾಳ ಏಳು ಎಣಿಕೆಯಲ್ಲಿ ಶುರುವಾಗಿ, ಕೇಳುವವನು ತಲೆ ಆಡಿಸಲು ಕಲಿಯುವಷ್ಟರಲ್ಲಿ ಹನ್ನೊಂದಕ್ಕೆ ಹಾರುತ್ತದೆ. ಕೊನೆಯ ಹಾಡಿನ ಕೊನೆಯ ನಾಲ್ಕು ನಿಮಿಷವಂತೂ ದಾಡಿ ಆರ್ಗನ್ನಿನ ಅಕ್ಕಪಕ್ಕದ ಎರಡು ಕೀಗಳನ್ನು ಒಟ್ಟಿಗೆ ಒತ್ತಿ ಹಿಡಿದು ಬಿಡುವುದೇ ಇಲ್ಲ. ಒಂದೇ ಬಾಗಿಲಲ್ಲಿ ಒಟ್ಟಿಗೆ ನುಗ್ಗಲು ಹೋಗಿ ಸಿಕ್ಕಿಕೊಂಡವರ ಹಾಗೆ ಆ ಎರಡು ಸ್ವರಗಳು ಗುದ್ದಾಡುತ್ತವೆ. ಅದರ ಮೇಲೆ ತಮ್ಮನ ದನಿ, ಮಗು ಮಲಗಿಸುವಷ್ಟು ಸರಳವಾದ ಒಂದು ಧಾಟಿಯನ್ನು ಹಾಡಬೇಕು. ಸುತ್ತಲಿನದೆಲ್ಲ ಕೆಡಲಿ, ಇದೊಂದು ನೆಟ್ಟಗೆ ನಿಲ್ಲಲಿ ಎಂದು ದಾಡಿ ಬರೆದಿದ್ದ. ಅಪಸ್ವರ ಪಕ್ಕದಲ್ಲಿದ್ದರೆ ತಾನೇ ಇಂಪಿಗೆ ಬೆಲೆ ಎಂದು ಗಂಟೆಗಟ್ಟಲೆ ತಲೆ ತಿನ್ನುತ್ತಿದ್ದ.

ಟೇಪಿನಲ್ಲಿ ಬಂದದ್ದೇ ಬೇರೆ. ಮೊದಲ ಸಾಲು ಸರಿಯಾಗಿತ್ತು. ಮೂರನೆಯದರ ಹೊತ್ತಿಗೆ ದನಿ ಕೂದಲೆಳೆಯಷ್ಟು ಮೇಲೇರಿತ್ತು. ಕೊನೆಯ ಸಾಲಿಗೆ ಬಂದಾಗ ವಾದ್ಯಗಳು ಒಂದು ದಾರಿ, ಹಾಡುವವನು ಇನ್ನೊಂದು ದಾರಿ. ಎಲ್ಲರೂ ಕೂತು ಕೇಳಿದ ದಿನ ದಾಡಿ ತಮ್ಮನಿಗೆ, ನಿನಗೆ ಕಿವಿಯೇ ಇಲ್ಲ, ಶ್ರುತಿಯೂ ಏರುತ್ತೀಯ, ತಾಳಕ್ಕಿಂತ ಮುಂಚೆಯೂ ಓಡುತ್ತೀಯ ಎಂದು ನಾಲ್ಕು ಜನರ ಎದುರಿಗೆ ಹೇಳಿಬಿಟ್ಟ. ತಮ್ಮ ಅಕ್ಕನ ಮುಖ ನೋಡಿದ. ಟೇಪಿನಲ್ಲಿ ಹಾಗೇ ಬಂದಿದೆ ಎಂದು ಅವಳೂ ಅಂದಳು. ಮತ್ತೆ ಹಾಡಲು ಅವನು ಒಪ್ಪಲಿಲ್ಲ. ಒಪ್ಪಿದ್ದರೂ ಗಂಟಲು ಊದಿಕೊಂಡಿತ್ತು, ಟೇಪು ಮುದ್ರಣಕ್ಕೆ ಹೋಗಲು ಎರಡೇ ದಿನ ಉಳಿದಿತ್ತು. ಹಾಗೇ ಹೋಯಿತು.

ಆಮೇಲೆ ಆದದ್ದು ತಮಾಷೆ. ಪತ್ರಿಕೆಯವನೊಬ್ಬ, ಕೊನೆಯಲ್ಲಿ ದನಿ ಯಾಕೆ ಹಾಗೆ ದೂರ ಸರಿಯುತ್ತದೆ ಎಂದು ಕೇಳಿದಾಗ ದಾಡಿ ಬಾಯಿಗೆ ಬಂದದ್ದನ್ನು ಹೇಳಿದ: ಬೇಕೆಂದೇ ಮಾಡಿದ್ದು, ಕೊನೆಗೆ ಮನುಷ್ಯನೂ ಸುತ್ತಲಿನ ಗದ್ದಲಕ್ಕೆ ಸೋಲುತ್ತಾನೆ. ಅಷ್ಟೇ ಸಾಕಾಯಿತು. ಜನ ಆ ನಾಲ್ಕು ನಿಮಿಷವನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ಹೊಸ ಹಾಡುಗಾರರು ಅದೇ ಥರ ಹಾಡಲು ಹೋಗಿ ಗಂಟಲು ಕೆಡಿಸಿಕೊಂಡರು. ಒಬ್ಬ ಪ್ರೊಫೆಸರು ನಕ್ಷೆ ಬಿಡಿಸಿ ನೂರು ಪುಟ ಬರೆದ.

ತಮ್ಮ ಅದ್ಯಾವುದನ್ನೂ ಓದಲಿಲ್ಲ. ಕನ್ನಡಕದ ಅಂಗಡಿ ಇಟ್ಟು, ಹಿಂದಿನ ಸಣ್ಣ ಕೋಣೆಯಲ್ಲಿ ಗಾಜು ಉಜ್ಜುತ್ತ ಬದುಕಿದ. ಒಳ್ಳೆಯ ಕೈ, ಗಿರಾಕಿಗಳು ಹುಡುಕಿಕೊಂಡು ಬರುತ್ತಾರೆ. ಆದರೆ ಹಾಡು ಎಂಬುದನ್ನು ಅವನು ಬಿಟ್ಟೇಬಿಟ್ಟ. ಹುಟ್ಟುಹಬ್ಬದ ದಿನ ಮನೆಮಂದಿಯೆಲ್ಲ ಹಾಡುವಾಗ ತಟ್ಟೆ ತರುವ ನೆಪ ಮಾಡಿ ಒಳಗೆ ಹೋಗುತ್ತಿದ್ದ. ಮಗಳನ್ನು ಕತೆ ಹೇಳಿ ಮಲಗಿಸಿದ, ಒಂದು ದಿನವೂ ಜೋಗುಳ ಹಾಡಲಿಲ್ಲ. ಅವಳು ಕೇಳಿದರೆ, ನನಗೆ ಕಿವಿ ಇಲ್ಲ ಪುಟ್ಟಿ ಎನ್ನುತ್ತಿದ್ದ, ದೂರದ್ದು ಕಾಣಿಸುವುದಿಲ್ಲ ಎಂದು ಅವನ ಗಿರಾಕಿಗಳು ಹೇಳುವಷ್ಟೇ ಸಲೀಸಾಗಿ. ಟೇಪಕ್ಕನಿಗೆ ಆ ಮಾತು ಪ್ರತಿ ಸಲವೂ ಚುಚ್ಚುತ್ತಿತ್ತು. ಆದರೂ ಅದು ನಿಜವೆಂದೇ ಅವಳು ತಿಳಿದಿದ್ದಳು.

ಈಗ ಡಬ್ಬದ ತಳದಲ್ಲಿ ಅಂಗೈ ಅಗಲದ ಒಂದು ಸಣ್ಣ ಟೇಪು ಸಿಕ್ಕಿತು. ಆ ನಾಲ್ಕು ನಿಮಿಷದ ದನಿಯನ್ನು ಸ್ಟುಡಿಯೋದಲ್ಲಿ ಮುದ್ರಿಸಿರಲಿಲ್ಲ. ದಾಡಿಗೆ ಕಟ್ಟಡದ ಮೆಟ್ಟಿಲುಸಾಲಿನ ಪ್ರತಿಧ್ವನಿ ಬೇಕಾಗಿತ್ತು. ದೊಡ್ಡ ಯಂತ್ರ ಮೆಟ್ಟಿಲು ಹತ್ತುವುದಿಲ್ಲ. ಹಾಗಾಗಿ ಅದನ್ನು ಕೆಳಗೇ ಬಿಟ್ಟು, ಉದ್ದನೆಯ ತಂತಿ ಎಳೆದು ತಮ್ಮನ ಒಂದು ಕಿವಿಗೆ ವಾದ್ಯಗಳನ್ನು ಕೇಳಿಸಿ, ಅವನ ದನಿಯನ್ನು ಸೆಲ್ ಹಾಕಿ ಓಡಿಸುವ ಪುಟ್ಟ ಯಂತ್ರದಲ್ಲಿ ಹಿಡಿದಿದ್ದರು. ಆಮೇಲೆ ಸಾಲು ಸಾಲಾಗಿ ನಕಲು ಮಾಡಿ ದೊಡ್ಡ ಟೇಪಿಗೆ ಕೂಡಿಸಿದ್ದರು. ಆ ಮೂಲ ಟೇಪು ಇನ್ನೂ ಬದುಕಿದೆ ಎಂದು ಅವಳು ಎಣಿಸಿರಲಿಲ್ಲ.

ಅದರಲ್ಲಿ ದನಿಯ ಹಿಂದೆ ಒಂದು ಗುಂಯ್ ಶಬ್ದವಿತ್ತು. ಮೆಟ್ಟಿಲ ಪಕ್ಕದ ಮೀಟರ್ ಬೋರ್ಡಿನದು. ಕರೆಂಟಿನ ಗುಂಯ್ ಎಂಬುದು ಮಹಾ ಹಟಮಾರಿ, ಬೆಳಗ್ಗೆ ಯಾವ ಶ್ರುತಿಯೋ ಸಂಜೆಗೂ ಅದೇ ಶ್ರುತಿ. ಹಾಗಾಗಿ ಅದನ್ನು ಗುರಿಯಿಟ್ಟು ತೆಗೆಯುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಈ ಸಲ ಅದು ಹೋಗಲಿಲ್ಲ. ಮೊದಲ ಸಾಲಿನಲ್ಲಿ ಹೋಯಿತು, ಮೂರನೆಯದರಲ್ಲಿ ಮತ್ತೆ ಬಂತು. ಕಂಪ್ಯೂಟರಿನ ಪರದೆಯ ಮೇಲೆ ಆ ಗುಂಯ್ ಶಬ್ದದ, ನೆಟ್ಟಗೆ ಇರಬೇಕಾದ ಗೆರೆ ಓರೆಯಾಗಿ ಮೇಲೇರುತ್ತಿತ್ತು, ತಮ್ಮನ ದನಿಯ ಜೊತೆಜೊತೆಗೇ, ಅದು ಏರಿದಷ್ಟೇ.

ತಮ್ಮ ಶ್ರುತಿ ತಪ್ಪಬಹುದು, ಮೀಟರ್ ಬೋರ್ಡು ತಪ್ಪುವುದಿಲ್ಲ. ಎರಡೂ ಒಟ್ಟಿಗೆ ಏರಿವೆ ಎಂದರೆ ತಪ್ಪಿದ್ದು ಯಂತ್ರ. ಸೆಲ್ ಸಾಯುತ್ತ ಬಂದಂತೆ ಪುಟ್ಟ ಯಂತ್ರ ನಿಧಾನವಾಗಿದೆ. ನಿಧಾನವಾಗಿ ಹಿಡಿದದ್ದನ್ನು ಸರಿಯಾದ ವೇಗದಲ್ಲಿ ಕೇಳಿದರೆ ದನಿ ಏರುತ್ತದೆ, ಆತುರವಾಗಿಯೂ ಕೇಳುತ್ತದೆ. ತಮ್ಮನ ಮೇಲೆ ಹೊರಿಸಿದ ಎರಡು ಅಪರಾಧಗಳೂ ಅವೇ. ಮತ್ತು ಸೆಲ್ ನೋಡಿಕೊಳ್ಳಬೇಕಾಗಿದ್ದವಳು ಅವಳು. ಹೊಸ ಸೆಲ್ ಅವಳ ಚೀಲದಲ್ಲೇ ಇದ್ದವು. ಅವರ ಮನೆಯಲ್ಲಿ ಸೋಪಾಗಲಿ ಬೆಂಕಿಪೊಟ್ಟಣವಾಗಲಿ ಹಳೆಯದು ಪೂರ್ತಿ ಮುಗಿಯದೆ ಹೊಸದನ್ನು ಒಡೆಯುವಂತಿರಲಿಲ್ಲ. ಅದೇ ಅಭ್ಯಾಸದಲ್ಲಿ, ಇರುವುದು ಮುಗಿಯಲಿ ಎಂದುಕೊಂಡಿದ್ದಳು.

ಅವಳು ಗುಂಯ್ ಶಬ್ದವನ್ನು ಹಿಡಿದು ನೆಟ್ಟಗೆ ಮಾಡುತ್ತ ಹೋದಳು. ದನಿಯನ್ನು ಮುಟ್ಟಲೇ ಇಲ್ಲ. ಗೆರೆ ಸಮನಾದಾಗ ದನಿ ತಾನಾಗಿ ಜಾಗಕ್ಕೆ ಬಂದು ಕೂತಿತು. ಆರ್ಗನ್ನು ಅಡಿಯಲ್ಲಿ ಹಾಗೇ ಗುದ್ದಾಡುತ್ತಿತ್ತು, ಮೇಲೆ ಇಪ್ಪತ್ತಮೂರು ವರ್ಷದ ಹುಡುಗ ಎಳ್ಳಷ್ಟೂ ಅಲುಗದೆ ಹಾಡುತ್ತಿದ್ದ. ಟೇಪಕ್ಕ ಮೇಜಿಗೆ ತಲೆ ಕೊಟ್ಟು ಅತ್ತುಬಿಟ್ಟಳು.

ಹೇಳದೆ ಇರಬಹುದಿತ್ತು. ಟೇಪು ಡಬ್ಬಕ್ಕೆ ಹಾಕಿದರೆ ಮುಗಿಯಿತು, ಕೇಳುವವರು ಯಾರು? ಹೇಳಿದರೆ, ಯಾರನ್ನೂ ದೂರದೆ ಸದ್ದಿಲ್ಲದೆ ಬದುಕುತ್ತಿದ್ದ ತಮ್ಮನಿಗೆ ದೂರಲು ಒಬ್ಬರು ಸಿಗುತ್ತಾರೆ, ಅದು ಸ್ವಂತ ಅಕ್ಕ. ಅಪ್ಪ ಅಮ್ಮ ಹೋದ ಮೇಲೆ ಅವಳಿಗೆ ತನ್ನವನೆಂದು ಉಳಿದವನು ಅವನೊಬ್ಬನೇ. ಹೇಳದಿದ್ದರೆ ಅವನು ಸಾಯುವ ತನಕ ತನಗೆ ಕಿವಿಯಿಲ್ಲ ಎಂದೇ ತಿಳಿದಿರುತ್ತಾನೆ. ಎರಡು ದಿನ ಟೇಪನ್ನು ಡಬ್ಬಕ್ಕೆ ಹಾಕುತ್ತ, ಮತ್ತೆ ತೆಗೆಯುತ್ತ ಕಳೆದಳು.

ಮೂರನೆಯ ದಿನ ದಾಡಿಯನ್ನು ಕರೆಸಿ ಕೇಳಿಸಿದಳು. ಬಾಯಿ ಬಡಿಯುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಆದರೆ ಅವತ್ತು ಹಾಡು ಮುಗಿದ ಮೇಲೆ, ಇನ್ನೊಂದು ಸಲ ಹಾಕು ಎಂದಷ್ಟೇ ಕೇಳಿದ. ತಾನು ಬರೆದದ್ದು ಹೀಗೇ ಎಂದ ಕೊನೆಗೆ. ಪತ್ರಿಕೆಯವನ ಮುಂದೆ ಆ ಸುಳ್ಳು ಹೇಳಿದ್ದು ತಮ್ಮನ ಮಾನ ಉಳಿಸಲಿಕ್ಕೆ, ಆಮೇಲೆ ಹೊಗಳಿಕೆ ರುಚಿ ಹತ್ತಿತು ಎಂದೂ ಒಪ್ಪಿಕೊಂಡ. ಅವನ ಮೇಲೆ ಮೂವತ್ತು ವರ್ಷದಿಂದ ಇಟ್ಟುಕೊಂಡಿದ್ದ ಸಿಟ್ಟನ್ನು ಎಲ್ಲಿ ಇಡಬೇಕೋ ಟೇಪಕ್ಕನಿಗೆ ತಿಳಿಯಲಿಲ್ಲ. ಹೊಸ ಆಲ್ಬಮ್ಮಿನಲ್ಲಿ ಎರಡನ್ನೂ ಹಾಕೋಣ, ನಡೆದದ್ದನ್ನು ನಾನೇ ಬರೆಯುತ್ತೇನೆ ಎಂದು ಎದ್ದ ಅವನು ಬಾಗಿಲಲ್ಲಿ ನಿಂತು, ಮೊದಲು ತಮ್ಮನಿಗೆ ನೀನು ಹೇಳು, ನನಗೆ ಮುಖವಿಲ್ಲ ಎಂದ.

ಅಂಗಡಿಗೆ ರಜೆಯಿದ್ದ ಮಧ್ಯಾಹ್ನ ತಮ್ಮ ಬಂದ. ಅಕ್ಕನ ಕನ್ನಡಕದ ಕಾಲು ಸಡಿಲವಾಗಿದೆ ಎಂದು ಬರುವಾಗಲೇ ಸಣ್ಣ ಸ್ಕ್ರೂಡ್ರೈವರು ತಂದಿದ್ದ. ಅವನು ಅದನ್ನು ಬಿಗಿ ಮಾಡುತ್ತ ಕೂತಿದ್ದಾಗಲೇ ಅವಳು ಹಾಡು ಹಾಕಿದಳು, ಇನ್ನೊಂದು ನಿಮಿಷ ತಡೆದರೆ ಧೈರ್ಯ ಉಳಿಯುತ್ತಿರಲಿಲ್ಲ. ಆರ್ಗನ್ನು ಕೇಳಿದ್ದೇ ತಡ ಅವನು ಏಳಲು ಹೋದ. ಇವಳು ಭುಜ ಹಿಡಿದು ಕೂರಿಸಿದಳು. ಮೊದಲ ಸಾಲು ಹೋಯಿತು, ಮೂರನೆಯದು ಹೋಯಿತು. ಕೊನೆಯ ಸಾಲಿನ ತನಕ ಅವನು ಹೊಡೆತಕ್ಕೆ ಕಾದವನ ಹಾಗೆ ಕಣ್ಣು ಮುಚ್ಚಿಕೊಂಡಿದ್ದ.

"ಇದು ಯಾರು ಹಾಡಿದ್ದು?" ಎಂದ.

"ನೀನೇ. ಅವತ್ತಿಂದೇ ಇದು. ಸೆಲ್ ಮುಗೀತಾ ಬಂದಿತ್ತು, ಯಂತ್ರ ನಿಧಾನ ಆಗಿದೆ. ಹೊಸ ಸೆಲ್ ನನ್ನ ಚೀಲದಲ್ಲೇ ಇದ್ವು, ನಾನು ಹಾಕಲಿಲ್ಲ. ತಪ್ಪು ನಂದು."

ತಮ್ಮ ಕನ್ನಡಕವನ್ನು ಮೇಜಿನ ಮೇಲಿಟ್ಟ.

"ಸೆಲ್ ಬಿಡು, ಅದು ಯಾರ ಕೈಲಾದ್ರೂ ಆಗುತ್ತೆ," ಎಂದ. "ನಾನು ಹಾಡ್ತಿದ್ದಾಗ ನೀನು ಎರಡು ಮೆಟ್ಟಿಲು ಕೆಳಗೆ ಕೂತಿದ್ದೆ. ನಿನ್ನ ಕಿವೀಲೇ ಕೇಳಿದ್ದೆ. ಆಗ ಶ್ರುತಿ ತಪ್ಪಿತ್ತಾ ಅಕ್ಕ?"

ಈ ಪ್ರಶ್ನೆಯನ್ನು ಅವಳು ನಿರೀಕ್ಷಿಸಿರಲಿಲ್ಲ. ಮೆಟ್ಟಿಲ ತಣ್ಣನೆ ಕಲ್ಲು, ಮೇಲಿನಿಂದ ಇಳಿದು ಬರುತ್ತಿದ್ದ ದನಿ, ಎಲ್ಲ ಕಣ್ಣ ಮುಂದೆ ಬಂತು. ಪುಟ್ಟ ಯಂತ್ರದ ಮೇಲೆ ಸೆಲ್ಲಿನ ಬಲ ತೋರಿಸುವ ಮುಳ್ಳು ಇಳಿಯುತ್ತಿದ್ದುದನ್ನು ಅವಳು ಯಾಕೆ ನೋಡಲಿಲ್ಲ ಎಂಬುದೂ ನೆನಪಾಯಿತು. ಮೈಮರೆತು ಕೇಳುತ್ತ ಕೂತಿದ್ದಳು.

"ಇಲ್ಲ," ಎಂದಳು. "ತಪ್ಪಿರಲಿಲ್ಲ."

"ಮತ್ತೆ ಅವತ್ತು ಎಲ್ಲರ ಮುಂದೆ ಯಾಕೆ ಹೇಳಲಿಲ್ಲ?"

"ಟೇಪು ಸುಳ್ಳು ಹೇಳಲ್ಲ ಅಂದ್ಕೊಂಡಿದ್ದೆ ಕಣೋ. ನನ್ನ ಕಿವಿಗಿಂತ ಅದನ್ನೇ ನಂಬಿದೆ. ನಿನಗಿಂತಲೂ."

ತಮ್ಮ ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಅವನು ಬೈಯಲಿಲ್ಲ. ಸ್ಪಂಜಿನ ಗೋಡೆಯ ಕಡೆಗೆ ತಿರುಗಿ ಕೂತ, ಅವನ ಬೆನ್ನು ಎರಡು ಸಲ ಅದುರಿತು. ಹತ್ತಿರ ಹೋಗಿ ಕೈ ಹಿಡಿಯುವ ಹಕ್ಕು ತನಗೆ ಉಳಿದಿದೆಯೇ ಎಂದು ಅವಳಿಗೆ ಗೊತ್ತಾಗಲಿಲ್ಲ. ಅವಳು ಕೂತಲ್ಲೇ ಕೂತಳು. ಬಹಳ ಹೊತ್ತಿನ ಮೇಲೆ ಅವನು ಮುಖ ಒರೆಸಿಕೊಂಡು, ಯಂತ್ರಗಳನ್ನೆಲ್ಲ ಆರಿಸು ಎಂದ. ಅವಳು ಒಂದೊಂದನ್ನೇ ಆರಿಸಿದಳು, ಕಂಪ್ಯೂಟರನ್ನೂ. ಆ ಕೋಣೆ ಅಷ್ಟು ಸದ್ದಿಲ್ಲದೆ ಇದ್ದದ್ದು ಅವಳಿಗೇ ಹೊಸದು.

"ಒಂದು ಸಾಲು ಹಾಡ್ತೀನಿ. ನೀನೇ ಕೇಳಿ ಹೇಳು," ಎಂದ ತಮ್ಮ.

ಮೂವತ್ತೊಂದು ವರ್ಷ ಮುಚ್ಚಿದ್ದ ಗಂಟಲು. ಮೊದಲು ಬರೀ ಗಾಳಿ ಬಂತು, ಆಮೇಲೆ ದನಿ. ಒರಟಾಗಿತ್ತು, ನಡುವೆ ಒಡೆಯಿತು, ಆದರೂ ಧಾಟಿ ಅದೇ. ಸಾಲಿನ ತುದಿಯಲ್ಲಿ ಉಸಿರು ಸಾಲದೆ ಸ್ವರ ಜಾರಿತು. ಹಾಡಿ ಮುಗಿಸಿ ಅವನು ಅಕ್ಕನನ್ನೇ ನೋಡಿದ, ಆಗ ಇಪ್ಪತ್ತಮೂರರಲ್ಲಿ ನೋಡಿದ ಹಾಗೆಯೇ. ಚೆನ್ನಾಗಿತ್ತು ಎಂದುಬಿಡಲು ಅವಳ ನಾಲಿಗೆ ತುದಿಯ ತನಕ ಮಾತು ಬಂದಿತ್ತು. ಅದನ್ನು ನುಂಗಿಕೊಂಡಳು.

"ಕೊನೇಲಿ ಸ್ವಲ್ಪ ಇಳೀತು," ಎಂದಳು.

"ಹೌದು," ಎಂದ ತಮ್ಮ. "ನನಗೂ ಕೇಳಿಸ್ತು."

ಹೇಳಿ ಮುಗಿಸಿದ ಮೇಲೆ ಆ ಮಾತು ಅವನಿಗೇ ತಟ್ಟಿರಬೇಕು.

"ನನಗೂ ಕೇಳಿಸ್ತು ಅಕ್ಕ," ಎಂದ ಮತ್ತೊಮ್ಮೆ, ಮೆಲ್ಲಗೆ. ಆಮೇಲೆ ಗಂಟಲು ಸರಿಮಾಡಿಕೊಂಡು, ಅದೇ ಸಾಲನ್ನು ಮೊದಲಿನಿಂದ ಎತ್ತಿಕೊಂಡ.